ತಿರುವಿನಮ್ಮ

"ಬೂಟು ಬಿಚ್ಚಿ ಬರ್ರಿ ದಫೇದಾರ್ರೇ. ಪೊಲೀಸಾದ್ರೇನು, ಅಮ್ಮನ ಮುಂದೆ ಎಲ್ರೂ ಒಂದೇ."

ಬೂಟು ಬಿಚ್ಚುವುದೆಂದರೆ ನನಗೆ ಪ್ರಾಣಸಂಕಟ. ಈ ಮಂಡಿ ಬಗ್ಗುವುದಿಲ್ಲ, ಬಗ್ಗಿದರೆ ಏಳುವುದಿಲ್ಲ. ಆದರೂ ಮೈಲಿಗಲ್ಲಿನ ಮೇಲೆ ಕೂತು, ಗೊಣಗಿಕೊಂಡೇ ಎರಡನ್ನೂ ಕಿತ್ತೆ. ಕಾನ್‌ಸ್ಟೆಬಲ್ ಸೌಂದರ್ಯ ಆಗಲೇ ಬರಿಗಾಲಲ್ಲಿ ನಿಂತು ನಗು ನುಂಗುತ್ತಿದ್ದಳು. ಅವಳ ಕೈಯಲ್ಲಿ ಟೈರು ಬಿಚ್ಚಿದ ಲೂನಾ ಗಾಲಿಯೊಂದಿತ್ತು. ಚಳ್ಳಕೆರೆಯಿಂದ ಇಲ್ಲಿಯವರೆಗೆ ನನ್ನ ಬೈಕಿನ ಹಿಂದೆ ಅದನ್ನು ತಬ್ಬಿಕೊಂಡೇ ಬಂದಿದ್ದಳು, ಪಾಪ.

"ನಗಬ್ಯಾಡ. ನಿಂಗೂ ವಯಸ್ಸಾಗುತ್ತೆ," ಅಂದೆ.

"ನಾನೆಲ್ಲಿ ನಕ್ಕೆ ಸಾರ್? ಬಿಸಿಲಿಗೆ ಹಲ್ಲು ಕಾಣ್ತಾವೆ ಅಷ್ಟೇ."

ನಾವು ನಿಂತದ್ದು ಮೊಳಕಾಲ್ಮೂರು ರಸ್ತೆಯ ಜಾಲಿ ತಿರುವಿನಲ್ಲಿ. ಏರು ಹತ್ತಿ ಬರುವ ರಸ್ತೆ ಇಲ್ಲಿ ತಟ್ಟನೆ ಎಡಕ್ಕೆ ಹೊರಳುತ್ತದೆ. ಹೋದ ಸೋಮವಾರ ಮುಸ್ಸಂಜೆ ನಾಗರಾಜ ಎಂಬ ರೈತ ಲೂನಾದಿಂದ ಬಿದ್ದು ತಲೆ ಒಡೆದುಕೊಂಡದ್ದು ಇಲ್ಲೇ. ನನ್ನ ಬೂಟು ಬಿಚ್ಚಿಸಿದ ಮುದುಕಿ ಅವನ ತಾಯಿ ಕೊಲ್ಲಾಪುರಮ್ಮ. ಅವಳ ಮುಂದೆ, ಜಾಲಿ ಪೊದೆಯ ಬುಡದಲ್ಲಿ, ಅರಿಶಿನ ಕುಂಕುಮ ಮೆತ್ತಿಕೊಂಡು ಒರಗಿ ಕೂತಿದ್ದ ದುಂಡನೆಯ ಕಲ್ಲೇ ತಿರುವಿನಮ್ಮ.

ವಾರದ ಹಿಂದೆ ಇಲ್ಲಿ ಯಾವ ಅಮ್ಮನೂ ಇರಲಿಲ್ಲ. ಈಗ ನೋಡಿದರೆ ಸುತ್ತ ತೆಂಗಿನ ಚಿಪ್ಪು, ನಿಂಬೆಹಣ್ಣು, ಊದುಬತ್ತಿಯ ಕಡ್ಡಿ. ಹೋಗುವ ಬರುವ ಲಾರಿಯೆಲ್ಲ ತಿರುವಿನ ನಟ್ಟನಡುವೆ ನಿಂತು ಕಾಯಿ ಒಡೆದು ಮುಂದೆ ಹೋಗುತ್ತದೆ. ಮೊನ್ನೆ ಹಾಗೆ ನಿಂತಿದ್ದ ಟೆಂಪೋವನ್ನು ಹಿಂದಿನಿಂದ ಬಂದ ಬಸ್ಸು ಸವರಿಕೊಂಡು ಹೋಗಿತ್ತು. ಅಪಘಾತ ತಡೆಯಲು ಬಂದ ದೇವರಿಂದಲೇ ಅಪಘಾತ! ಇನ್‌ಸ್ಪೆಕ್ಟರ್ ಸಾಹೇಬರು ನನ್ನನ್ನು ಕರೆದು, ಆ ಕಲ್ಲನ್ನು ಎತ್ತಿಸಿ ಬಿಸಾಡಯ್ಯ ಅಂದಿದ್ದರು.

ಅವರಿಗೆ ಬೇಕಾದದ್ದು ರಸ್ತೆ ಖಾಲಿಯಾಗುವುದು. ನನಗೆ ಬೇಕಾದದ್ದೇ ಬೇರೆ. ಆ ಕಲ್ಲಿನ ಮೈಮೇಲೆ ಏನಿದೆ ಅಂತ ನೋಡಬೇಕಿತ್ತು, ಅದೂ ಸಂಜೆಯೊಳಗೆ.

ಯಾಕೆಂದರೆ ಸಂಜೆ ಇಫ್ತಿಕಾರನನ್ನು ಕೋರ್ಟಿಗೆ ಕರೆದೊಯ್ಯುವವರಿದ್ದರು. ಅಲ್ಲಿಂದ ಸೀದಾ ದುರ್ಗದ ಜೈಲು.

ಇಫ್ತಿಕಾರ್ ನಮ್ಮ ಚಳ್ಳಕೆರೆಯ ಮೆಕ್ಯಾನಿಕ್ ಸುಭಾನನ ಮಗ, ಲಾರಿ ಡ್ರೈವರ್. ಬಿದ್ದಿದ್ದ ನಾಗರಾಜನನ್ನು ಎತ್ತಿ, ಶೇಂಗಾ ಚೀಲಗಳ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಸೇರಿಸಿದವನು ಅವನೇ. ಅದಕ್ಕೆ ಸಿಕ್ಕ ಬಹುಮಾನ ಲಾಕಪ್ಪು. ಹಿಂದಿನ ವಾರ ಎಣ್ಣೆ ಮಿಲ್ಲಿನ ಗೇಟಿನಲ್ಲಿ ಇಬ್ಬರೂ ಕುತ್ತಿಗೆಪಟ್ಟಿ ಹಿಡಿದು ಜಗಳವಾಡಿದ್ದರಂತೆ. ಬೇಕಂತಲೇ ಲಾರಿ ಗುದ್ದಿಸಿದ್ದಾನೆ, ಕೊಲ್ಲಲು ನೋಡಿದ್ದಾನೆ ಅಂತ ನಾಗರಾಜನ ಅಣ್ಣ ನಿನ್ನೆ ದೂರು ಕೊಟ್ಟ. ನಾಗರಾಜನನ್ನೇ ಕೇಳೋಣವೆಂದರೆ ದಾವಣಗೆರೆಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿದ್ದಾನೆ, ಮಾತು ಬಂದಿಲ್ಲ.

ಲಾರಿಯ ಬಂಪರಿನಲ್ಲಿ ಒಂದು ಗೀರೂ ಇರಲಿಲ್ಲ. ಲೂನಾದ ಮುಂದಿನ ಗಾಲಿ ಮಾತ್ರ ಒಂದೇ ಕಡೆ ಒಳಕ್ಕೆ ಬಾಗಿತ್ತು, ಯಾರೋ ಬಿದಿಗೆ ಚಂದ್ರನ ಅಚ್ಚು ಒತ್ತಿದ ಹಾಗೆ. ಲಾರಿ ಗುದ್ದಿದರೆ ಹಾಗೆ ಬಾಗುವುದಿಲ್ಲ. ಬಿಗಿಯಾಗಿ ಕೂತ, ದುಂಡು ಅಂಚಿನ ಯಾವುದನ್ನೋ ಗಾಲಿ ಹತ್ತಬೇಕು.

ಇನ್ನೊಂದು ಸಂಗತಿ ಠಾಣೆಯ ಕರಿಹಲಗೆ ಹೇಳುತ್ತಿತ್ತು. ಅದರಲ್ಲಿ ತಿಂಗಳು ತಿಂಗಳಿಗೆ ಅಪಘಾತದ ಲೆಕ್ಕ ಬರೆಯುವ ಕೆಲಸ ನನ್ನದು. ಜೂನ್, ಜುಲೈ ಎಲ್ಲ ತಣ್ಣಗೆ ಹೋಗುತ್ತವೆ. ದೀಪಾವಳಿ ಬಂತೋ, ಸಂಖ್ಯೆ ಏಣಿ ಹತ್ತುತ್ತದೆ. ಸಂಕ್ರಾಂತಿ ಮುಗಿದ ಮೇಲೆ ತಾನೇ ಇಳಿಯುತ್ತದೆ. ಪ್ರತಿ ವರ್ಷ ಇದೇ ಹಾಡು. ಈ ತೊಂಬತ್ತೆಂಟರ ಡಿಸೆಂಬರ್ ಅರ್ಧವೂ ಮುಗಿದಿಲ್ಲ, ಆಗಲೇ ಹೋದ ತಿಂಗಳನ್ನು ದಾಟಿತ್ತು.

"ಜನ ಕುಡಿದು ಓಡಿಸ್ತಾರೆ ಗಾದ್ರಪ್ಪ," ಅನ್ನುತ್ತಾರೆ ಸಾಹೇಬರು. ಅಲ್ಲ ಸ್ವಾಮಿ, ಜೂನ್ ತಿಂಗಳಲ್ಲಿ ಜನ ಮಜ್ಜಿಗೆ ಕುಡಿಯುತ್ತಾರಾ?

ನನ್ನ ಮಾತು ಇಷ್ಟೇ: ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಚಳ್ಳಕೆರೆಯ ಮಿಲ್ಲುಗಳಿಗೆ ಶೇಂಗಾ ಬರುತ್ತದೆ. ಹೊಟ್ಟೆಬಿರಿ ತುಂಬಿದ ಲಾರಿ ಏರಿನಲ್ಲಿ ಕೆಟ್ಟು ನಿಲ್ಲುತ್ತದೆ. ಡ್ರೈವರು ಏನು ಮಾಡುತ್ತಾನೆ? ಹಿಂದೆ ಬರುವವರಿಗೆ ಗೊತ್ತಾಗಲಿ ಅಂತ ಸುತ್ತ ಕಲ್ಲು ಇಡುತ್ತಾನೆ, ಜಾಲಿ ಕೊಂಬೆ ಮುರಿದು ಹಾಕುತ್ತಾನೆ, ಜಾರದಂತೆ ಗಾಲಿಗೊಂದು ಕಲ್ಲು ಕೊಡುತ್ತಾನೆ. ರಿಪೇರಿಯಾಗಿ ಎಂಜಿನ್ ಗುಡುಗಿದ ತಕ್ಷಣ ಹೊರಟೇ ಹೋಗುತ್ತಾನೆ. ಕೆಟ್ಟು ಎದ್ದ ಗಾಡಿಯಿಂದ ಮತ್ತೆ ಕೆಳಗಿಳಿದರೆ ಅಪಶಕುನವಂತೆ, ಮುಂದೆ ಗುಡಿ ಸಿಗುವವರೆಗೂ ನಿಲ್ಲಿಸಬಾರದಂತೆ. ಕಲ್ಲು ನಡುರಸ್ತೆಯಲ್ಲೇ ಉಳಿಯುತ್ತದೆ. ಕತ್ತಲಾದ ಮೇಲೆ ಬರುವ ಬಡಪಾಯಿ ಅದರ ಮೇಲೆ ಹತ್ತುತ್ತಾನೆ.

ಈ ವಿಷಯದಲ್ಲಿ ನನ್ನ ಜೊತೆ ಸೇರಿ ಕೂಗಾಡುತ್ತಿದ್ದವನು ಒಬ್ಬನೇ, ಇಫ್ತಿಕಾರನ ತಂದೆ ಸುಭಾನ್. ಒಮ್ಮೆ ಒಬ್ಬ ಡ್ರೈವರನ್ನು ಊರಾಚೆಯಿಂದ ವಾಪಸು ಕರೆಸಿ, ಅವನ ಕೈಯಿಂದಲೇ ಕಲ್ಲು ಎತ್ತಿಸಿದ್ದ. ಹ್ಯಾಂಡ್ ಬ್ರೇಕ್ ಇಲ್ಲದ ತನ್ನ ಹಳೇ ಜೀಪಿಗೂ ರಸ್ತೆಯ ಕಲ್ಲು ಮುಟ್ಟುತ್ತಿರಲಿಲ್ಲ, ಮನೆಯಿಂದಲೇ ಒಂದು ಕಲ್ಲು ತಂದು ಹಗ್ಗ ಕಟ್ಟಿ ಜೀಪಿನಲ್ಲಿಟ್ಟುಕೊಂಡಿದ್ದೇನೆ ಅನ್ನುತ್ತಿದ್ದ. ಅಂಥವನ ಮಗನಿಗೆ ಈ ಗತಿ.

ನಾಗರಾಜ ಬಿದ್ದ ದಿನ ತಿರುವಿನಲ್ಲಿ ಆಂಧ್ರದ ಲಾರಿಯೊಂದು ಕೆಟ್ಟು ನಿಂತಿತ್ತು ಅಂತ ಚಾದಂಗಡಿಯ ಕ್ಯಾತಣ್ಣ ಹೇಳಿದ್ದ. ಅಷ್ಟು ಸಾಕಾಗಿತ್ತು ನನಗೆ. ಕಲ್ಲು ಆಂಧ್ರದವನದ್ದು, ಅವನು ಗಡಿಯಾಚೆ ಹೋಗಿಯಾಗಿದೆ. ಗಾಲಿಯ ಪೆಟ್ಟು ಕಲ್ಲಿಗೆ ಕೂತರೆ ಇಫ್ತಿಕಾರ್ ಬಿಡುಗಡೆ, ಯಾರ ಮನೆಯೂ ಹಾಳಾಗುವುದಿಲ್ಲ. ಎಷ್ಟು ಚೆನ್ನಾಗಿತ್ತು ಲೆಕ್ಕ!

ಒಂದೇ ಒಂದು ಕಡೆ ಚುಚ್ಚುತ್ತಿತ್ತು. ಬೆಳಿಗ್ಗೆ ಲಾಕಪ್ಪಿನ ಸರಳಿನ ಆಚೆ ನಿಂತು ಇಫ್ತಿಕಾರನನ್ನು ಕೇಳಿದ್ದೆ.

"ರಸ್ತೆ ಮೇಲೆ ಕಲ್ಲೇನಾದ್ರೂ ಇತ್ತೇನಲೇ?"

"ಏನೂ ಇರ್ಲಿಲ್ಲ ಸಾರ್."

"ಸರಿಯಾಗಿ ಯೋಚನೆ ಮಾಡು. ಕಲ್ಲು ಇತ್ತು ಅಂದ್ರೆ ನೀನು ಉಳಕಂತೀಯ."

"ಇರ್ಲಿಲ್ಲ ಅಂದ್ನಲ್ಲ ಸಾರ್," ಅಂದು ಗೋಡೆಯ ಕಡೆ ತಿರುಗಿಬಿಟ್ಟ. ಬಾವಿಗೆ ಬಿದ್ದವನಿಗೆ ಹಗ್ಗ ಇಳಿಬಿಟ್ಟರೆ ಬೇಡ ಅನ್ನುತ್ತಾನಲ್ಲ ಅಂತ ನನಗೆ ಸಿಟ್ಟೇ ಬಂದಿತ್ತು.

ಬರಿಗಾಲಲ್ಲಿ ಬಿಸಿ ಮಣ್ಣು ತುಳಿಯುತ್ತ ಕೊಲ್ಲಾಪುರಮ್ಮನ ಎದುರು ಹೋಗಿ ಕೂತೆ.

"ಅಮ್ಮಾ, ಈ ಕಲ್ಲು... ಈ ಅಮ್ಮ ನಿಮಗೆ ಎಲ್ಲಿ ಸಿಕ್ಕಳು?"

"ಇಲ್ಲೇ, ಇದೇ ಪೊದೆಯೊಳಗೆ. ನನ್ನ ಮಗ ಬಿದ್ದ ಮಾರನೇ ದಿನ ಬಂದೆ. ಮ್ಯಾಲೆ ಕೊಂಬೆ ಮುಚ್ಚಿದ್ರು. ಸರಿಸಿ ನೋಡ್ತೀನಿ, ಹಣೆ ಮ್ಯಾಗೆ ಆಗ್ಲೇ ಕೆಂಪಗೆ ಇಟ್ಕಂಡು ಕುಂತವಳೆ ತಾಯಿ."

ಸೌಂದರ್ಯ ನನ್ನ ಮುಖ ನೋಡಿದಳು. ಆ ಕೆಂಪು ಯಾವುದೆಂದು ನಮ್ಮಿಬ್ಬರಿಗೂ ಹೊಳೆಯಿತು. ಹೆತ್ತವಳಿಗೆ ಅದನ್ನು ಹೇಗೆ ಹೇಳುವುದು?

"ಅಮ್ಮಾ, ಅದು ಕುಂಕುಮ ಅಲ್ಲ ಅನ್ಸುತ್ತೆ..."

"ಗೊತ್ತು ಕಣಪ್ಪ. ನನಗೇನು ಕಣ್ಣಿಲ್ವೇ? ನನ್ನ ಮಗನ ರಕ್ತ ಅದು," ಅಂದಳು ಮುದುಕಿ, ಅಮ್ಮನ ನೆತ್ತಿಯ ಮೇಲಿದ್ದ ಒಣಗಿದ ಹೂ ತೆಗೆಯುತ್ತ. "ಗೌರಸಮುದ್ರದ ಮಾರವ್ವನ ತಂಗಿ ಇವಳು. ಬೀಳಿಸಿದ್ದೂ ಇವಳೇ, ಉಳಿಸಿದ್ದೂ ಇವಳೇ. ರಕ್ತ ತಗಂಡ್ಳು, ಜೀವ ಬಿಟ್ಳು. ಅಷ್ಟು ಸಾಕು ನನಗೆ."

ವಾರವೆಲ್ಲ ತಲೆ ಕೆರೆದುಕೊಂಡು ನಾವು ಹುಡುಕುತ್ತಿದ್ದ ಉತ್ತರ ಈ ಮುದುಕಿಯ ಬಾಯಲ್ಲಿತ್ತು. ಯಾರೂ ಕೇಳಿರಲಿಲ್ಲ, ನಾನೂ ಸೇರಿ.

"ಹಂಗಾದ್ರೆ ಆ ಲಾರಿ ಹುಡುಗನ್ನ ಯಾಕಮ್ಮ ಒಳಗೆ ಹಾಕ್ಸಿದ್ರಿ?" ನನ್ನ ದನಿ ಏರಿತು.

"ನಾನೆಲ್ಲಿ ಹಾಕ್ಸಿದೆ? ದೊಡ್ಡ ಮಗ ಹಾಕ್ಸಿದ್ದು. ಬ್ಯಾಡ ಕಣೋ, ಅವನು ಎತ್ಕಂಡು ಹೋಗ್ದಿದ್ರೆ ನಿನ್ನ ತಮ್ಮ ಉಳೀತಿರ್ಲಿಲ್ಲ ಅಂದೆ. ನೀ ಸುಮ್ಕಿರವ್ವ ಅಂದ. ನನ್ನ ಮಾತು ಯಾರು ಕೇಳ್ತಾರೆ?"

"ನಾನು ಕೇಳ್ತೀನಿ. ಈ ಕಲ್ಲನ್ನ ಸ್ಟೇಷನ್ನಿಗೆ ಕೊಡ್ರಿ. ಆ ಹುಡುಗ ಇವತ್ತೇ ಮನೆಗೆ ಹೋಗ್ತಾನೆ."

"ಆಗಾಕಿಲ್ಲ."

"ಅಮ್ಮಾ..."

"ಆಗಾಕಿಲ್ಲ ಅಂದ್ರೆ ಆಗಾಕಿಲ್ಲ." ಎರಡೂ ಕೈಯಿಂದ ಕಲ್ಲನ್ನು ಬಳಸಿಕೊಂಡಳು. "ನಾಗರಾಜ ನನ್ನ ನೋಡಿ ಅವ್ವ ಅನ್ನಬೇಕು. ಅಲ್ಲಿಗಂಟ ದಿನಾ ಬಂದು ತಣ್ಣೀರು ಎರೀತೀನಿ ಅಂತ ಹರಕೆ ಹೊತ್ತಿದೀನಿ. ಸೊಸೆ ಅಲ್ಲಿ ಆಸ್ಪತ್ರೇಲಿ ಕುಂತವಳೆ, ನಾನು ಇಲ್ಲಿ ಕುಂತಿದೀನಿ. ಅಮ್ಮನ್ನ ನೀವು ಲಾಕಪ್ಪಿಗೆ ಹಾಕಿದ್ರೆ ನನ್ನ ಮಗಂಗೆ ಮಾತು ಎಲ್ಲಿಂದ ಬರುತ್ತೆ? ನನ್ನೂ ಜೊತೆಗೆ ಎತ್ಕಂಡು ಹೋಗ್ರಿ!"

ಅಳುತ್ತಿರಲಿಲ್ಲ. ಸಿಟ್ಟಿನಿಂದ ಗಲ್ಲ ನಡುಗುತ್ತಿತ್ತು. ಇಪ್ಪತ್ತೈದು ವರ್ಷ ಖಾಕಿ ಹಾಕಿದ್ದೇನೆ, ಇಂಥ ತಾಯಂದಿರ ಮುಂದೆ ಇವತ್ತಿಗೂ ನನ್ನ ಲಾಠಿ ಕಟ್ಟಿಗೆಯ ತುಂಡು.

ದಾರಿ ತೋರಿಸಿದವಳು ಸೌಂದರ್ಯ. ಗಾಲಿಯನ್ನು ಕೆಳಗಿಟ್ಟು ಮುದುಕಿಯ ಪಕ್ಕ ಕೂತಳು.

"ಅಜ್ಜೀ, ಅಮ್ಮಂಗೆ ವಾರದಿಂದ ಬರೀ ತಣ್ಣೀರು ಎರೆದಿದೀಯ. ಮೈ ತಿಕ್ಕಿ ತೊಳ್ದಿದೀಯಾ? ಎಷ್ಟು ಜಿಡ್ಡು ನೋಡು. ನೀನೇ ತೊಳಿ. ನಾವು ಮುಟ್ಟಲ್ಲ, ಬರೇ ನೋಡ್ತೀವಿ."

ಕೊಲ್ಲಾಪುರಮ್ಮ ಅನುಮಾನದಿಂದ ಅವಳನ್ನೂ ನನ್ನನ್ನೂ ನೋಡಿದಳು. ಆಮೇಲೆ ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು.

ಮಗುವಿಗೆ ಎರೆಯುವಂತೆ ಎರೆದಳು. ನೆತ್ತಿಯ ಮೇಲೆ ಅಂಗೈ ಅಡ್ಡ ಇಟ್ಟು ನೀರು ಬಿಟ್ಟಳು, ಅರಿಶಿನ ಕರಗಿ ಹರಿಯಿತು. "ಸೈ ತಾಯಿ, ಆತು ತಾಯಿ, ಒಂದೇ ನಿಮಿಷ ತಲ್ಲೀ" ಅಂತ ಕನ್ನಡ ತೆಲುಗು ಕಲಸಿ ಸಮಾಧಾನ ಹೇಳುತ್ತ ಬೆರಳಿನಿಂದ ಉಜ್ಜಿದಳು. ಕುಂಕುಮ ಹೋಯಿತು. ಅದರ ಕೆಳಗಿನ ಕಪ್ಪು ಕಲೆ ಬಂದಾಗ ಅವಳ ಬೆರಳು ಒಮ್ಮೆ ನಿಂತಿತು. ಅದನ್ನು ಸೆರಗಿನ ತುದಿಯಿಂದ ಒರೆಸಿಕೊಂಡಳು. ನಾವಿಬ್ಬರೂ ಬೇರೆ ಕಡೆ ನೋಡಿದೆವು.

ಕಲ್ಲಿನ ದುಂಡು ಅಂಚಿನಲ್ಲಿ ಬೆಳ್ಳಿ ಬಣ್ಣದ ಗೀರು ಹೊಳೆಯುತ್ತಿತ್ತು.

"ಗಾಲಿ ತಾ," ಅಂದೆ. ಸೌಂದರ್ಯ ಮುದುಕಿಯ ಅಪ್ಪಣೆ ಕೇಳಿ, ಗಾಲಿಯ ಬಾಗಿದ ಭಾಗವನ್ನು ಆ ಅಂಚಿಗೆ ಹಿಡಿದಳು. ಡಬ್ಬಿಗೆ ಮುಚ್ಚಳ ಕೂತಂತೆ ಕೂತಿತು.

ಗೆದ್ದೆ ಕಣೋ ಗಾದ್ರಪ್ಪ ಅಂತ ಮನಸ್ಸು ಕುಣಿಯಿತು. ಇಫ್ತಿಕಾರನ ತಾಯಿ ಹಜರಾ ಬೀಯ ಮುಖ ಕಣ್ಣ ಮುಂದೆ ಬಂತು. ಪ್ರತಿ ರಂಜಾನಿಗೆ ನಮ್ಮ ಠಾಣೆಗೆ ಪಾತ್ರೆ ತುಂಬ ಶೀರ್‌ಖುರ್ಮಾ ಪಾಯಸ ಕಳಿಸುವ ಹೆಂಗಸು. ನಿನ್ನೆ ಠಾಣೆಯ ಕಟ್ಟೆಯ ಮೇಲೆ ಕೂತು, "ನನ್ನ ಮಗ ಉಪವಾಸಕ್ಕೆ ಮನೇಲಿ ಇರ್ತಾನಾ ದಫೇದಾರ್ರೇ?" ಅಂತ ಕೇಳಿದ್ದಳು.

"ಬೆನ್ನೂ ತೊಳೆದುಬಿಡ್ತೀನಿ," ಅಂತ ಕೊಲ್ಲಾಪುರಮ್ಮ ಕಲ್ಲನ್ನು ಮಗ್ಗುಲಿಗೆ ಹೊರಳಿಸಿದಳು.

ನಡುವೆ ಒಂದು ತೂತು, ಮುಂದುಗಡೆ ಮಣ್ಣು ಮೆತ್ತಿ ಕಾಣದಂತಾಗಿತ್ತು. ಅಂಚಿನ ಹತ್ತಿರ ಗೂಟ ಸಿಕ್ಕಿಸುವ ಇನ್ನೊಂದು ಚಿಕ್ಕ ಕುಳಿ. ಮೈ ಎಲ್ಲ ಸವೆದು ನುಣುಪಾಗಿತ್ತು. ರಸ್ತೆ ಬದಿಯ ಕಲ್ಲಲ್ಲ ಅದು. ಬೀಸುವ ಕಲ್ಲಿನ ಮೇಲ್ಭಾಗ. ನಮ್ಮವ್ವ ರಾಗಿ ಬೀಸುತ್ತಿದ್ದದ್ದೂ ಇಂಥದ್ದರಲ್ಲೇ. ನಡುವಿನ ತೂತಿನೊಳಗೆ ಹರಿದ ನೈಲಾನ್ ಹಗ್ಗದ ತುಂಡೊಂದು ಸಿಕ್ಕಿಕೊಂಡಿತ್ತು, ಗ್ರೀಸಿನಿಂದ ಕಪ್ಪಾಗಿ.

"ಆಂಧ್ರದ ಡ್ರೈವರು ಲಾರೀಲಿ ಬೀಸೋಕಲ್ಲು ಇಟ್ಕಂಡು ತಿರುಗ್ತಾನಾ ಸಾರ್?" ಅಂದಳು ಸೌಂದರ್ಯ.

ಕುಣಿಯುತ್ತಿದ್ದ ಮನಸ್ಸು ಕೂತುಬಿಟ್ಟಿತ್ತು.

ಅಷ್ಟರಲ್ಲಿ ರಸ್ತೆಯ ಆಚೆಯಿಂದ "ಅಸ್ಸಲಾಮ್... ನಮಸ್ಕಾರ ದಫೇದಾರ್ರೇ" ಅಂತ ಹೆಣ್ಣಿನ ದನಿ. ತಿರುಗಿದರೆ ಹಜರಾ ಬೀ! ತಲೆ ತುಂಬ ಸೆರಗು, ಕೈಯಲ್ಲೊಂದು ತೆಂಗಿನಕಾಯಿ, ಊದುಬತ್ತಿಯ ಪೊಟ್ಟಣ.

"ನೀವ್ಯಾಕಮ್ಮ ಇಲ್ಲಿ?"

"ಈ ಅಮ್ಮ ಬೇಡಿದ್ದು ಕೊಡ್ತಾಳಂತೆ, ಪ್ಯಾಟೆಯೆಲ್ಲ ಅದೇ ಮಾತು," ಅಂದಳು ನಾಚಿಕೊಂಡು. "ನಮ್ಮ ದರ್ಗಾಕ್ಕೆ ನಿಮ್ಮೋರು ಬರಲ್ವಾ? ನಾನೂ ಬಂದೆ. ನಮ್ಮ ಮನೆಯವರೇ ಜೀಪಲ್ಲಿ ತಂದು ಬಿಟ್ರು. ಕೆಳಗೆ ಒಂದು ಲಾರಿ ನಿಂತೈತಂತೆ, ಸಾಮಾನು ಕೊಟ್ಟು ಈಗ ಬರ್ತಾರೆ."

ಎದ್ದು ತಡೆಯಬೇಕು ಅನ್ನಿಸಿತು. ದರಿದ್ರ ಮಂಡಿ ಏಳಲಿಲ್ಲ.

"ಯಾರವ್ವ ನೀನು?" ಕೊಲ್ಲಾಪುರಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದಳು.

ಹಜರಾ ಬೀ ಕಾಯಿಯನ್ನು ಎದೆಗವಚಿಕೊಂಡಳು. "ನಿಮ್ಮ ಮಗನ್ನ ಆಸ್ಪತ್ರೆಗೆ ಕರ್ಕಂಡು ಹೋದೋನ ತಾಯಿ ಅಕ್ಕ."

ಕೊಲ್ಲಾಪುರಮ್ಮ ಕೊಡವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.

"ಕುತ್ಕ ಬಾ. ನನ್ನ ಮಗ ಕಣ್ಣು ಬಿಟ್ಟವನೆ. ನಿನ್ನ ಮಗನೂ ಮನೆಗೆ ಬರ್ತಾನೆ, ಬೇಡ್ಕ."

ಇಬ್ಬರೂ ತಾಯಂದಿರು ಭುಜಕ್ಕೆ ಭುಜ ತಾಗಿಸಿ ಕೂತರು. ನನ್ನ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ಹಜರಾ ಬೀ ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದುಕೊಂಡು, ಒದ್ದೆ ಕಲ್ಲಿನ ಮೇಲೆ ಅಂಗೈ ಇಟ್ಟಳು.

ಅಂಗೈ ಹಾಗೇ ನಿಂತಿತು. ಆಮೇಲೆ ತಾನಾಗಿಯೇ ಸರಿದು ಅಂಚಿನ ಕುಳಿಗೆ ಹೋಯಿತು. ಹೆಬ್ಬೆರಳು ಕುಳಿಯ ಪಕ್ಕದ ಒಂದು ಸೀಳನ್ನು ಹುಡುಕಿ ಹಿಡಿಯಿತು. ಅವಳು ಕಣ್ಣು ತೆರೆದಳು.

"ಅರೆ! ಯೇ ತೋ ಹಮಾರೀ ಚಕ್ಕೀ ಕಾ ಪತ್ಥರ್!" ಅಂದಳು. ಮುಖ ಅರಳಿತ್ತು. "ನಮ್ಮ ಬೀಸೋಕಲ್ಲು ದಫೇದಾರ್ರೇ! ನಮ್ಮಮ್ಮ ಮದುವೇಲಿ ಕೊಟ್ಟಿದ್ದು. ಈ ಸೀಳು ನೋಡ್ರಿ, ಇಫ್ತಿಕಾರ್ ಸಣ್ಣೋನಿದ್ದಾಗ ಇದರ ಮೇಲೆ ಹತ್ತಿ ಕೆಡವಿದ್ದ. ಇದು ಇಲ್ಲಿಗ್ಯಾಕೆ ಬಂತು?"

ಸೀಳು ಮಾಡಿದವನಿಗೆ ಆ ಕಲ್ಲಿನ ಗುರುತು ಸಿಗದೆ ಇರುತ್ತದೆಯೇ? ನಾಗರಾಜನನ್ನು ಎತ್ತಲು ಇಳಿದ ಇಫ್ತಿಕಾರ್ ಲಾರಿಯ ಬೆಳಕಿನಲ್ಲಿ ಅಪ್ಪನ ಕಲ್ಲನ್ನು ನೋಡಿದ್ದಾನೆ. ಪೊದೆಯೊಳಗೆ ತಳ್ಳಿ ಕೊಂಬೆ ಮುಚ್ಚಿದ್ದಾನೆ. ಏನೂ ಇರ್ಲಿಲ್ಲ ಸಾರ್ ಅಂತ ನನಗೆ ಹೇಳಿ ಗೋಡೆಗೆ ಮುಖ ಮಾಡಿದ್ದಾನೆ. ಅಯ್ಯೋ ನನ್ನಪ್ಪ, ಎಂಥಾ ಮಗನನ್ನು ಲಾಕಪ್ಪಿನಲ್ಲಿಟ್ಟಿದ್ದೇನೆ ನಾನು!

ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಸುಭಾನ್ ಆಂಧ್ರದ ಲಾರಿಯ ರಿಪೇರಿಗೆ ಬಂದು ತನ್ನ ಕಲ್ಲನ್ನೇ ಬಿಟ್ಟು ಹೋದದ್ದು ಹೇಗೆ? ಹಗ್ಗ ಹರಿದದ್ದು ಗೊತ್ತಾಗಲಿಲ್ಲವೇ?

ಹಜರಾ ಬೀ ನಮ್ಮ ಮುಖಗಳನ್ನು ನೋಡಿದಳು. ಸೌಂದರ್ಯಳ ಕೈಯಲ್ಲಿದ್ದ ಬಾಗಿದ ಗಾಲಿ ನೋಡಿದಳು, ಕಲ್ಲಿನ ಅಂಚಿನ ಬೆಳ್ಳಿ ಗೀರು ನೋಡಿದಳು. ಮೆಕ್ಯಾನಿಕ್ಕನ ಹೆಂಡತಿ, ಬಿಡಿಸಿ ಹೇಳಬೇಕಾಗಿರಲಿಲ್ಲ. ಅರಳಿದ ಮುಖ ಅಲ್ಲೇ ಬಾಡಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸೆರಗು ಸರಿಸಿ ಮೆಲ್ಲಗೆ ಕೇಳಿದಳು.

"ನಮ್ದು ಅಂದ್ರೆ ಯಾರು ಒಳಗೆ ಹೋಗ್ತಾರೆ, ನಮ್ದಲ್ಲ ಅಂದ್ರೆ ಯಾರು ಹೋಗ್ತಾರೆ, ನೀವೇ ಹೇಳ್ರಿ ದಫೇದಾರ್ರೇ. ನೀವು ಹೆಂಗೆ ಹೇಳಿದ್ರೆ ಹಂಗೆ ಅಂತೀನಿ."

ಮಗನೋ ಗಂಡನೋ ಅಂತ ಆರಿಸಿಕೊಡುವ ಅಧಿಕಾರ ಯಾವ ಪೊಲೀಸಿಗಿದೆ?

ಎಲ್ಲ ಕೇಳಿಸಿಕೊಂಡ ಕೊಲ್ಲಾಪುರಮ್ಮ ಅರಿಶಿನದ ಬಟ್ಟಲಿಗೆ ನೀರು ಹಾಕಿ ಕಲಸಿದಳು. ಹಿಡಿ ತುಂಬ ತೆಗೆದು ಕಲ್ಲಿನ ಗೀರಿನ ಮೇಲೆ, ತೂತಿನ ಮೇಲೆ, ಹಗ್ಗದ ಮೇಲೆ ದಪ್ಪಗೆ ಬಳಿದಳು. ಅಂಗೈಯನ್ನು ಅದರ ಮೇಲೇ ಒತ್ತಿ ಹಿಡಿದು ಹಜರಾ ಬೀಯ ಕಡೆ ತಿರುಗಿದಳು.

"ಇವಳು ಅಮ್ಮ. ಯಾರ ಮನೆ ಕಲ್ಲೂ ಅಲ್ಲ. ಆ ಆಂಧ್ರದೋನು ಇಟ್ಟು ಹೋದ ಅಂತ ನಾನೇ ಬಂದು ಹೇಳ್ತೀನಿ. ನಿನ್ನ ಮಗನ್ನ ಬಿಡಿಸ್ಕ. ಆದ್ರೆ ಒಂದು ಮಾತು ನಿಜ ಹೇಳವ್ವ. ನಿನ್ನ ಗಂಡಂಗೆ ಇದು ಗೊತ್ತಿತ್ತಾ? ಗೊತ್ತಿದ್ದೂ ಬಾಯಿ ಮುಚ್ಕಂಡಿದ್ನಾ?"

"ಇಲ್ಲ ಅಕ್ಕ. ಅಲ್ಲಾನ ಆಣೆ, ನನಗೆ ಗೊತ್ತಿಲ್ಲ."

ಆಗಲೇ ತಿರುವಿನ ಕೆಳಗಿಂದ ಜೀಪಿನ ಹಾರ್ನು ಕೇಳಿಸಿತು. ಬೇಡ ಸುಭಾನ್, ನಿಲ್ಲಿಸಬೇಡ, ಮುಂದೆ ಹೋಗು ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಏರಿನಲ್ಲಿ ಏದುಸಿರು ಬಿಡುತ್ತ ಬಂದ ಜೀಪು ನಮ್ಮೆದುರೇ ನಿಂತಿತು. ನಿಂತದ್ದು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಸುಭಾನ್ ಬ್ರೇಕಿನ ಮೇಲೆ ಕಾಲು ಒತ್ತಿ, ಗಡ್ಡದೊಳಗೇ ಬಳಲಿದ ನಗು ನಕ್ಕು ತಲೆ ಹೊರಗೆ ಹಾಕಿದ.

"ಸೌಂದರ್ಯಮ್ಮಾ, ಹಿಂದಿನ ಗಾಲಿಗೆ ಒಂದು ಕಲ್ಲು ಕೊಡಮ್ಮ, ಇಳೀತೀನಿ! ಹೋದ ಸೋಮವಾರದಿಂದ ನನ್ನ ಕಲ್ಲು ಕಾಣಿಸ್ತಿಲ್ಲ, ಇದೇ ರಸ್ತೇಲಿ ಎಲ್ಲೋ ಬಿಟ್ಟಿದೀನಿ!"

"ಇವನಿಗೆ ಗೊತ್ತಿಲ್ಲ. ನೋಡ್ಕಳ್ಲಿ," ಅಂತ ಕೊಲ್ಲಾಪುರಮ್ಮ ಅಮ್ಮನ ಮೇಲಿಟ್ಟಿದ್ದ ಕೈಯನ್ನು ತೆಗೆದಳು.